ಕಾಡಿನ ಕಪ್ಪು, ಪೊಟ್ಟಣದ ಕಪ್ಪು

ಮಾಘ ಮಾಸ ಬಂತೆಂದರೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಯ ಚಕ್ಕಡಿಗಳು ಉಳವಿಯ ಹಾದಿ ಹಿಡಿಯುತ್ತವೆ. ಜೋಯಿಡಾ ತಾಲ್ಲೂಕಿನ ದಟ್ಟವಾದ ಅಡವಿಯ ನಡುವೆ ಚನ್ನಬಸವಣ್ಣನವರ ಸಮಾಧಿಯಿರುವ ಆ ಕ್ಷೇತ್ರಕ್ಕೆ ಇಂದು ಬಸ್ಸು ಹೋಗುತ್ತದೆ, ಮೋಟಾರು ಹೋಗುತ್ತದೆ. ಆದರೂ ಎತ್ತಿನ ಬಂಡಿಯಲ್ಲಿಯೇ ಹೋಗಿ ರಥೋತ್ಸವವನ್ನು ಕಾಣಬೇಕೆಂಬ ಹಂಬಲ ಬಯಲುಸೀಮೆಯ ಒಕ್ಕಲು ಮನೆತನಗಳಲ್ಲಿ ಇನ್ನೂ ಆರಿಲ್ಲ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ಅಣಿಗೊಳಿಸುವ ಸಂಭ್ರಮವೇ ಸಂಭ್ರಮ.

ಎತ್ತಿನ ಕೊಂಬಿಗೆ ಬಣ್ಣ ಬೀಳುವ ದಿನ ಯಜಮಾನರ ಮೀಸೆಗೂ ಬಣ್ಣ ಬೀಳುವುದು ವಿಶೇಷವೇನಲ್ಲ. ಜಾತ್ರೆಯಲ್ಲಿ ಬೀಗರು ಸಿಗುವರು, ಹಳೆಯ ಸಹಪಾಠಿಗಳು ಸಿಗುವರು. ಫೋಟೋ ತೆಗೆಯುವವರಿಗಂತೂ ಕೊರತೆಯಿಲ್ಲ. ಹೀಗೆ ಹೊರಟ ಧಾರವಾಡದ ಕಡೆಯ ಐವತ್ತೈದು ವಯಸ್ಸಿನ ಗೃಹಸ್ಥರೊಬ್ಬರನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಶನಿವಾರ ರಾತ್ರಿ ಊಟವಾದ ಮೇಲೆ ಅಂಗಡಿಯಿಂದ ತಂದ ಪೊಟ್ಟಣವನ್ನು ಒಡೆದು, ಹಳೆಯ ಬಟ್ಟಲಿನಲ್ಲಿ ಕಲಸಿ, ತಲೆಗೂ ಮೀಸೆಗೂ ಹಚ್ಚಿಕೊಳ್ಳುತ್ತಾರೆ. ಅರ್ಧ ಗಂಟೆಯ ಅನಂತರ ತೊಳೆದು ಕನ್ನಡಿ ನೋಡಿದರೆ ಹತ್ತು ವರ್ಷ ಕಳೆದುಹೋದ ಮುಖ. ಉರಿಯಿಲ್ಲ, ತುರಿಕೆಯಿಲ್ಲ. ಆದಿತ್ಯವಾರ ಬೆಳಗ್ಗೆ ಬಂಡಿ ಹೊರಡುತ್ತದೆ. ಸೋಮವಾರ ಇಳಿಹೊತ್ತಿಗೆ ಹಳಿಯಾಳ ದಾಟಿ ತೇಗದ ಕಾಡು ಆರಂಭವಾದಾಗ ಕಿವಿಯ ಹಿಂದೆ ಏನೋ ನವೆ. ಮಂಗಳವಾರ ಬೆಳಗಾಗುವಷ್ಟರಲ್ಲಿ ರೆಪ್ಪೆಗಳು ಬಾತು ಕಣ್ಣೇ ತೆರೆಯಲಾಗದು. ಮೇಲ್ದುಟಿ ದಪ್ಪಗಾಗಿ ಕೆಂಪಾಗಿದೆ, ಹಣೆಯ ಅಂಚಿನಲ್ಲಿ ನೀರು ಸೋರುತ್ತಿದೆ.

“ಅಲ್ರೀ, ಕಣ್ಣು ಹಿಂಗ್ಯಾಕ ಬಾತಾವು? ನಿನ್ನಿ ಮಧ್ಯಾಹ್ನ ಕೇರಿನ ಗಿಡದ ಬುಡಕ ಮಲಗಿದ್ರೇನು?” ಎಂದು ಮನೆಯವರು ಗಾಬರಿಯಾಗುತ್ತಾರೆ. ಜೊತೆಯ ಹಿರಿಯರೂ ತಲೆಯಾಡಿಸುತ್ತಾರೆ. ಶನಿವಾರ ರಾತ್ರಿಯ ಪೊಟ್ಟಣ ಯಾರ ನೆನಪಿಗೂ ಬರುವುದಿಲ್ಲ. ಎರಡು ದಿನದ ಹಿಂದೆ ಹಚ್ಚಿದ್ದು, ಹಚ್ಚಿದಾಗ ಏನೂ ಆಗದೆ ಇದ್ದದ್ದು, ಈಗೇಕೆ ಕಾಡೀತು?

ಮನೆಯವರ ಊಹೆ ಈ ಸಲ ತಪ್ಪಾದರೂ ತೆಗೆದುಹಾಕುವಂಥದಲ್ಲ. ಹಳಿಯಾಳ, ದಾಂಡೇಲಿಯ ಕಾಡಿನಲ್ಲಿ ಕೇರಿನ ಮರ ಉಂಟು. ಜೋಯಿಡಾದ ಕಡೆ ಹಸಿರು ದಟ್ಟವಾದಂತೆ ಅದರ ದಾಯಾದಿಯಾದ ಹೊಳೆಗೇರೂ ಉಂಟು. ಮಾವು ಮತ್ತು ಗೋಡಂಬಿಯ ಗೇರು ಇವೆಲ್ಲ ಒಂದೇ ಕುಟುಂಬದ ಮರಗಳು. ಕೇರುಬೀಜವನ್ನು ಸಂಸ್ಕೃತದಲ್ಲಿ ಭಲ್ಲಾತಕವೆಂದು ಕರೆದರು. ಇಟ್ಟಿಗೆಯ ಪುಡಿಯಲ್ಲಿಟ್ಟು ಶುದ್ಧಿ ಮಾಡದೆ ಅದನ್ನು ಔಷಧಕ್ಕೆ ಬಳಸಬಾರದೆಂದು ನಮ್ಮ ವೈದ್ಯಶಾಸ್ತ್ರ ಕಟ್ಟುನಿಟ್ಟು ಮಾಡಿತು. ಅಗಸರು ಅದೇ ಬೀಜವನ್ನು ಚುಚ್ಚಿ ಅದರ ರಸದಿಂದ ಬಟ್ಟೆಗೆ ಗುರುತು ಹಾಕುತ್ತಿದ್ದರು. ಸುಣ್ಣ ತಾಗಿಸಿದ ಆ ಕಪ್ಪು ಎಷ್ಟು ಒಗೆದರೂ ಹೋಗುವುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರ ಕತ್ತಿನ ಹಿಂಭಾಗದಲ್ಲಿ ಕಾಣಿಸಿಕೊಂಡ ವಿಚಿತ್ರವಾದ ಹುಣ್ಣನ್ನು ಅವರ ವೈದ್ಯರು ಬೆನ್ನಟ್ಟಿ ಹೋದಾಗ ಸಿಕ್ಕಿದ್ದು ಅಂಗಿಯ ಕೊರಳಪಟ್ಟಿಯ ಮೇಲಿನ ಈ ಅಗಸರ ಗುರುತು. 1943ರಲ್ಲಿ ‘ಧೋಬಿ ಗುರುತಿನ ಚರ್ಮರೋಗ’ ಎಂಬ ಹೆಸರಿನಿಂದಲೇ ಅದು ವೈದ್ಯಕೀಯ ಸಾಹಿತ್ಯವನ್ನು ಸೇರಿತು. ಕೇರಳದಲ್ಲಿ ಇಂಥ ಮರ ಮುನಿಸಿಕೊಂಡರೆ ತಾರೆಯ ಮರವನ್ನು ಸುತ್ತಿ ಕ್ಷಮೆ ಬೇಡುವ ಪದ್ಧತಿಯೊಂದಿದೆ. ನಂಬಿಕೆ ಏನೇ ಇರಲಿ, ಮರದಡಿ ಹೋದವರಲ್ಲಿ ಕೆಲವರಿಗೆ ಮಾತ್ರ ಮೈ ಬಾಯುತ್ತದೆ, ಉಳಿದವರಿಗೆ ಏನೂ ಆಗುವುದಿಲ್ಲ ಎಂಬುದನ್ನು ಆ ಜನ ಚೆನ್ನಾಗಿ ಗಮನಿಸಿದ್ದರು. ಮರ ಮುನಿಯುವುದು ಎಂದರೆ ಅದೇ ಅಲ್ಲವೆ?

ಪೊಟ್ಟಣದೊಳಗಿನ ಕಪ್ಪಿಗೆ ಇಷ್ಟು ದೀರ್ಘವಾದ ಪುರಾಣವಿಲ್ಲ. ಡಾಂಬರಿನಿಂದ ಬಣ್ಣ ತೆಗೆಯುವ ವಿದ್ಯೆ ಯೂರೋಪಿನಲ್ಲಿ ಹೊಸದಾಗಿದ್ದ ಕಾಲದಲ್ಲಿ, 1863ರಲ್ಲಿ, ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ವಸ್ತುವಿನ ಗುಣವನ್ನು ಕಂಡುಕೊಂಡ. ತಾನಾಗಿ ಬಣ್ಣವಿಲ್ಲದ ಈ ಹರಳು ಗಾಳಿಯ ಆಮ್ಲಜನಕದೊಡನೆ ಸೇರಿದಾಗ ಕಂದಾಗಿ, ಬಳಿಕ ಕಪ್ಪಾಗುತ್ತದೆ. 1883ರಲ್ಲಿ ಪ್ಯಾರಿಸಿನಲ್ಲಿ ಇದನ್ನು ಕೂದಲಿನ ಬಣ್ಣಕ್ಕೆ ಉಪಯೋಗಿಸುವ ಹಕ್ಕುಪತ್ರ ದಾಖಲಾಯಿತು. ಅಂದಿನಿಂದ ಇಂದಿನವರೆಗೆ, ನೂರನಾಲ್ವತ್ತು ವರ್ಷ ಕಳೆದರೂ, ಕಡುಗಪ್ಪು ಬೇಕೆನ್ನುವ ಬಹುಪಾಲು ಶಾಶ್ವತ ಬಣ್ಣಗಳಲ್ಲಿ ಈ ವಸ್ತುವೋ ಇದರ ಒಡಹುಟ್ಟೋ ಇದ್ದೇ ಇರುತ್ತದೆ. ಅದರ ಉದ್ದನೆಯ ಹೆಸರನ್ನು ವೈದ್ಯರು ಪಿಪಿಡಿ ಎಂದು ಮೊಟಕುಗೊಳಿಸಿದ್ದಾರೆ.

ಬಣ್ಣ ಹಿಡಿಯುವ ಬಗೆ ಸರಳವಾಗಿದೆ. ಸಣ್ಣ ಅಣುಗಳು ಮೊದಲು ಕೂದಲಿನೊಳಕ್ಕೆ ಸೇರುತ್ತವೆ, ಅಲ್ಲಿ ಆಮ್ಲಜನಕ ತಗುಲಿ ಒಂದಕ್ಕೊಂದು ಹೆಣೆದು ದೊಡ್ಡದಾಗುತ್ತವೆ, ದೊಡ್ಡದಾದ ಮೇಲೆ ಹೊರಗೆ ಬರಲಾರವು. ಆದಕಾರಣವೇ ಎಷ್ಟು ಸಾಬೂನು ಹಾಕಿದರೂ ಕಪ್ಪು ಬಿಡುವುದಿಲ್ಲ. ಆದರೆ ಕೂದಲಿನೊಳಕ್ಕೆ ನುಸುಳಬಲ್ಲ ಅಣು ಚರ್ಮದೊಳಕ್ಕೂ ನುಸುಳಬಲ್ಲದು. ಬಣ್ಣವನ್ನು ಶಾಶ್ವತಗೊಳಿಸುವ ಗುಣ ಮತ್ತು ಚರ್ಮವನ್ನು ಕೆರಳಿಸುವ ಗುಣ ಒಂದೇ ಮೂಲದವು. ತಯಾರಕರು ಇಷ್ಟು ವರ್ಷ ಹುಡುಕಿದರೂ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಪೂರ್ಣವಾಗಿ ಬಿಟ್ಟುಕೊಡಲು ಸಾಧ್ಯವಾಗದಿರುವುದಕ್ಕೆ ಇದೇ ಕಾರಣ.

ಇಲ್ಲಿಯೇ ಕಾಡಿನ ಕಪ್ಪೂ ಪೊಟ್ಟಣದ ಕಪ್ಪೂ ಒಂದುಗೂಡುತ್ತವೆ. ಕೇರಿನ ರಸವೂ ಗಾಳಿಗೆ ಕಪ್ಪಾಗುವಂಥದೇ. ಚರ್ಮದೊಳಗೆ ಎರಡೂ ಆಮ್ಲಜನಕದಿಂದ ಮಾರ್ಪಟ್ಟು, ಮೈಯ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಚುರುಕಾದ ಅಣುಗಳಾಗುತ್ತವೆ. ರಕ್ತದ ಗುಂಪುಗಳನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ಲ್ಯಾಂಡ್‌ಸ್ಟೈನರ್, 1935ರಲ್ಲಿ ಜೇಕಬ್ಸ್ ಎಂಬ ಸಹೋದ್ಯೋಗಿಯೊಡನೆ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಈ ಮರ್ಮವನ್ನೇ. ಇಷ್ಟು ಸಣ್ಣ ಅಣುವನ್ನು ದೇಹದ ಕಾವಲುಗಾರರು ತಾವಾಗಿ ಗುರುತಿಸಲಾರರು, ಅದು ಮೈಯ ಪ್ರೋಟೀನಿಗೆ ಅಂಟಿದಾಗ ಮಾತ್ರ ಪರಕೀಯವೆಂದು ಕಾಣುತ್ತದೆ. ಅದು ಮರದಿಂದ ಬಂದದ್ದೋ ಕಾರ್ಖಾನೆಯಿಂದ ಬಂದದ್ದೋ ಎಂಬ ವಿಚಾರಣೆ ಚರ್ಮಕ್ಕಿಲ್ಲ.

ಒಮ್ಮೆ ಪರಕೀಯವೆಂದು ಗುರುತಿಸಿದ ಮೇಲೆ ಚರ್ಮ ಮರೆಯುವುದಿಲ್ಲ. ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಹೊರಗೆ ಏನೂ ಕಾಣದು. ಒಳಗೆ ಮಾತ್ರ ನೆನಪು ಸಿದ್ಧವಾಗುತ್ತಿರುತ್ತದೆ. ಕೆಲವರಲ್ಲಿ ಎರಡನೆಯ ಸಲ, ಕೆಲವರಲ್ಲಿ ಹತ್ತು ವರ್ಷ ತಿಂಗಳಿಗೊಮ್ಮೆ ಹಚ್ಚಿದ ಬಳಿಕ ಒಂದು ದಿನ, ಆ ನೆನಪು ಕೆರಳುತ್ತದೆ. “ಇಷ್ಟು ವರ್ಷ ಇದೇ ಪೊಟ್ಟಣ ಹಚ್ಚಿದ್ದೇನೆ, ಏನೂ ಆಗಿಲ್ಲ” ಎಂಬ ಮಾತು ಈ ಕಾರಣದಿಂದ ಸಮಾಧಾನದ ಮಾತಲ್ಲ. ಕೆರಳಿದಾಗಲೂ ಕಾವಲು ಜೀವಕೋಶಗಳು ಆ ಜಾಗಕ್ಕೆ ಬಂದು ಸೇರಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಶನಿವಾರದ ಬಣ್ಣ ಮಂಗಳವಾರ ಕಣ್ಣು ಮುಚ್ಚಿಸಿದ್ದು ಹೀಗೆ. ನೆತ್ತಿಯ ಚರ್ಮ ದಪ್ಪವಾದ್ದರಿಂದ ಅಲ್ಲಿ ತೊಂದರೆ ಕಡಿಮೆ. ರೆಪ್ಪೆ, ಕಿವಿ, ಕತ್ತು, ಹಣೆಯಂಚುಗಳಲ್ಲಿಯೇ ಅದು ಎದ್ದು ಕಾಣುವುದು. ಬಣ್ಣ ಹಚ್ಚಿದ್ದು ಒಂದು ಕಡೆ, ಬಾವು ಇನ್ನೊಂದು ಕಡೆ. ಯಜಮಾನರು ಮರವನ್ನು ದೂರಿದ್ದರಲ್ಲಿ ಆಶ್ಚರ್ಯವೇನಿದೆ!

ಹಾಗಾದರೆ ಯಾವ ವಸ್ತು ಎಷ್ಟು ಅಪಾಯದ್ದೆಂದು ಅಳೆಯುವುದು ಹೇಗೆ? ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಇವನ್ನು ಬೆರೆಸುವುದರಿಂದಲೇ ಮನೆಗಳಲ್ಲಿ ಗೊಂದಲ. ವಸ್ತುವಿನ ಕೆರಳಿಸುವ ಶಕ್ತಿ ಎಷ್ಟು ಎಂಬುದು ಒಂದು. ಅದು ಚರ್ಮಕ್ಕೆ ಎಷ್ಟು, ಎಷ್ಟು ಹೊತ್ತು, ಎಷ್ಟು ಸಲ ತಗುಲುತ್ತದೆ ಎಂಬುದು ಇನ್ನೊಂದು. ಹುಲಿ ಅಪಾಯದ ಪ್ರಾಣಿ ನಿಜ. ಆದರೆ ದಾಂಡೇಲಿಯ ಕಾಡಿನ ಹುಲಿಗೂ ಹುಬ್ಬಳ್ಳಿಯ ಪೇಟೆಯಲ್ಲಿರುವವನಿಗೂ ನಡುವೆ ಎಪ್ಪತ್ತು ಎಂಬತ್ತು ಕಿಲೋಮೀಟರು ಅಂತರವುಂಟು.

ಕೆರಳಿಸುವ ಶಕ್ತಿಯನ್ನು ಮೊದಲು ಗಿನಿಯಿಲಿಯ ಬೆನ್ನಿನ ಮೇಲೆ, ಆಮೇಲೆ ಇಲಿಯ ಕಿವಿಯ ಮೇಲೆ ಅಳೆದರು. ಇಲಿಯ ಕಿವಿಗೆ ವಸ್ತುವನ್ನು ಹಚ್ಚಿ, ಹತ್ತಿರದ ಹಾಲ್ರಸದ ಗ್ರಂಥಿಯಲ್ಲಿ ಜೀವಕೋಶಗಳು ಎಷ್ಟು ಪಟ್ಟು ಹೆಚ್ಚಿದವೆಂದು ಎಣಿಸುವುದು ಈ ಪರೀಕ್ಷೆಯ ತಿರುಳು. ಮೂರು ಪಟ್ಟು ಹೆಚ್ಚಿಸಲು ಎಷ್ಟು ಸಾಂದ್ರತೆ ಬೇಕು ಎಂಬುದೇ ಅಳತೆಗೋಲು. ಕಡಿಮೆ ಸಾಕಾದಷ್ಟೂ ವಸ್ತು ಹೆಚ್ಚು ಪ್ರಬಲ. ಪಿಪಿಡಿಗೆ ಶೇಕಡಾ 0.16ರಷ್ಟು ಸಾಕೆಂದು ಕಂಡಿತು. ಶೇಕಡಾ 1ಕ್ಕೆ ಕೆರಳಿಸುವ ವಸ್ತುವನ್ನೇ ಪ್ರಬಲವೆಂದು ವಿಜ್ಞಾನಿಗಳು ಎಣಿಸುವಾಗ ಇದು ಯಾವ ಸಾಲಿಗೆ ಸೇರುವುದೆಂದು ಹೇಳಬೇಕಾದ್ದಿಲ್ಲ. ಸೌಂದರ್ಯಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದನ್ನು ಭಾರತ 2014ರಲ್ಲಿ ನಿಲ್ಲಿಸಿತು. ಯೂರೋಪಿನ ಒಕ್ಕೂಟ 2013ರಲ್ಲಿಯೇ ಇಂಥ ಪರೀಕ್ಷೆಗೊಳಗಾದ ಸರಕಿನ ಮಾರಾಟಕ್ಕೂ ತಡೆ ಹಾಕಿತ್ತು. ಈಗ ವಸ್ತು ಪ್ರೋಟೀನಿಗೆ ಅಂಟುವುದೋ ಇಲ್ಲವೋ ಎಂಬುದನ್ನು ಗಾಜಿನ ನಳಿಕೆಯಲ್ಲಿ, ಜೀವಕೋಶಗಳು ಕೆರಳುವುವೋ ಇಲ್ಲವೋ ಎಂಬುದನ್ನು ಗಾಜಿನ ತಟ್ಟೆಯಲ್ಲಿ ನೋಡಿ, ಎರಡನ್ನೂ ಕೂಡಿಸಿ ತೀರ್ಮಾನಕ್ಕೆ ಬರುವ ವಿಧಾನಗಳಿವೆ. 2021ರಲ್ಲಿ ಇವಕ್ಕೆ ಅಂತರರಾಷ್ಟ್ರೀಯ ಮಾರ್ಗದರ್ಶನವೂ ಸಿದ್ಧವಾಯಿತು.

ಎರಡನೆಯ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮವಿದೆ. ಮೈಮೇಲೆ ಒಟ್ಟು ಎಷ್ಟು ಬಿತ್ತೆಂಬುದಕ್ಕಿಂತ ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ ಎಷ್ಟು ಬಿತ್ತೆಂಬುದೇ ಮುಖ್ಯ. ಯೂರೋಪಿನ ತಜ್ಞರು ಲೆಕ್ಕಕ್ಕೆ ಹಿಡಿಯುವಂತೆ 100 ಗ್ರಾಂ ಕಲಸಿದ ಬಣ್ಣವನ್ನು ತಲೆಗೆ ಹಚ್ಚಿದರೆಂದಾಗಲಿ. ಅಲ್ಲಿನ ನಿಯಮದಂತೆ ಅದರಲ್ಲಿ ಪಿಪಿಡಿ ಶೇಕಡಾ 2ಕ್ಕಿಂತ ಹೆಚ್ಚಿರಕೂಡದು. ಎಂದರೆ 2 ಗ್ರಾಂ. ನೆತ್ತಿಯ ವಿಸ್ತೀರ್ಣ ಸುಮಾರು 580 ಚದರ ಸೆಂಟಿಮೀಟರು. ಬಣ್ಣದ ಹತ್ತರಲ್ಲೊಂದು ಪಾಲು ಮಾತ್ರ ಚರ್ಮಕ್ಕೆ ತಗುಲಿತೆಂದರೂ ಚದರ ಸೆಂಟಿಮೀಟರಿಗೆ ಸುಮಾರು 345 ಮೈಕ್ರೋಗ್ರಾಂ ಆಯಿತು. ಇಲಿಯ ಕಿವಿಯ ಅಳತೆಯನ್ನು ಇದೇ ಮಾನಕ್ಕೆ ತಿರುಗಿಸಿದರೆ ಬರುವುದು ಸುಮಾರು 40. ನೆತ್ತಿಯ ಮೇಲೆ ಅರ್ಧ ಗಂಟೆಯಷ್ಟೇ ಇರುವುದು, ಅಷ್ಟರಲ್ಲಿ ಪಿಪಿಡಿಯ ಬಹುಭಾಗ ಬಣ್ಣವಾಗಿ ಮಾರ್ಪಟ್ಟು ನಿರುಪದ್ರವಿಯಾಗುವುದು, ಆಮೇಲೆ ತೊಳೆದುಹೋಗುವುದು ಇವೆಲ್ಲವನ್ನೂ ಕಳೆದ ಮೇಲೆಯೇ ನಿಜವಾದ ಅಪಾಯ ತಿಳಿಯುತ್ತದೆ. ಬಣ್ಣ ಹಚ್ಚುವವರಲ್ಲಿ ಬಹುಮಂದಿ ನಿಶ್ಚಿಂತರಾಗಿರುವುದು ಈ ಕಳೆಯುವ ಲೆಕ್ಕದಿಂದ. ಆದರೆ ಕೂಡುವ ಕಡೆಗೂ ಕೈ ಓಡುತ್ತದೆ. ಬಣ್ಣ ಚೆನ್ನಾಗಿ ಹಿಡಿಯಲೆಂದು ಅರ್ಧ ಗಂಟೆಯ ಬದಲು ಎರಡು ಗಂಟೆ ಬಿಡುವುದು, ಹದಿನೈದು ದಿನಕ್ಕೊಮ್ಮೆ ಬುಡದ ಬಿಳುಪಿಗೆ ತೇಪೆ ಹಚ್ಚುವುದು, ಕೈಗವಸಿಲ್ಲದೆ ಬೆರಳಲ್ಲಿ ಕಲಸುವುದು ಇವೆಲ್ಲ ಆ ಬಗೆಯವು.

ಮೀಸೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. “ಮೀಸೆಗೆ ತಾನೆ, ಚಿಟಿಕೆಯಷ್ಟು ಸಾಕು” ಎಂದು ಗಂಡಸರು ಹಗುರವಾಗಿ ಎಣಿಸುತ್ತಾರೆ. ಒಂದು ಗ್ರಾಂ ಬಣ್ಣವನ್ನು ಇಪ್ಪತ್ತು ಚದರ ಸೆಂಟಿಮೀಟರ್ ಜಾಗಕ್ಕೆ ಹಚ್ಚಿ, ಕೂದಲು ವಿರಳವಾದ್ದರಿಂದ ಅರ್ಧಪಾಲು ಚರ್ಮಕ್ಕೇ ತಗುಲಿತೆಂದರೆ ಚದರ ಸೆಂಟಿಮೀಟರಿಗೆ 500 ಮೈಕ್ರೋಗ್ರಾಂ ಆಯಿತು. ಒಟ್ಟು ಪ್ರಮಾಣ ನೂರರಲ್ಲೊಂದು ಪಾಲು, ಚರ್ಮದ ಮೇಲಿನ ಹೊರೆ ತಲೆಗಿಂತಲೂ ಹೆಚ್ಚು! ಅದರ ಮೇಲೆ ಮುಖದ ಚರ್ಮ ತೆಳು, ದಿನವೂ ಕ್ಷೌರದ ಕತ್ತಿ ಆಡಿದ ಗಾಯಗಳು ಬೇರೆ.

ಇಷ್ಟು ಕೇಳಿದ ಗೃಹಿಣಿಯರು “ಹಾಗಾದರೆ ಮದರಂಗಿಯೇ ಲೇಸು” ಎನ್ನುವುದು ಸಹಜ, ಒಂದು ಮಟ್ಟಿಗೆ ಸರಿ ಕೂಡ. ಅಪ್ಪಟ ಮದರಂಗಿಯ ಎಲೆಯಿಂದ ಚರ್ಮದ ಅಲರ್ಜಿ ಬರುವುದು ಬಹಳ ಅಪರೂಪ. ಆದರೆ ಮದರಂಗಿ ಕೊಡುವುದು ಕೆಂಪು. ಅದರ ಮೇಲೆ ನೀಲಿ ಎಲೆಯ ಪುಡಿ ಹಚ್ಚಿದರೆ ಕಪ್ಪಿನ ಕಡೆಗೆ ತಿರುಗೀತು, ಅದಕ್ಕೆ ತಾಳ್ಮೆ ಬೇಕು, ಗಂಟೆಗಳು ಬೇಕು. ಹತ್ತು ನಿಮಿಷದಲ್ಲಿ ಕಾಗೆಯಂತೆ ಕಪ್ಪಾಗಿಸುವ ‘ಮೆಹಂದಿ’ ಸಿಕ್ಕಿದರೆ, ಆ ಕಪ್ಪು ಎಲೆಯದಲ್ಲವೆಂದು ಸಂಶಯಪಡುವುದು ಜಾಣತನ. ‘ಕಪ್ಪು ಮೆಹಂದಿ’ ಎಂದು ಮಾರುವ ಸರಕುಗಳನ್ನು ಪರೀಕ್ಷಿಸಿದಾಗ ಪಿಪಿಡಿ ಸಿಕ್ಕಿದ ಪ್ರಸಂಗಗಳು ಭಾರತದಲ್ಲಿಯೂ ಹೊರಗೂ ವರದಿಯಾಗಿವೆ. ಜಾತ್ರೆ, ಸಮುದ್ರತೀರಗಳಲ್ಲಿ ಮಕ್ಕಳ ಕೈಮೇಲೆ ಬಿಡಿಸುವ ಕಪ್ಪು ಚಿತ್ತಾರ ಎಲ್ಲಕ್ಕಿಂತ ಕೆಟ್ಟದು. ಅಲ್ಲಿ ವಸ್ತುವಿನ ಸಾಂದ್ರತೆಗೆ ಮಿತಿಯಿಲ್ಲ, ತೊಳೆಯುವ ಮಾತಿಲ್ಲ, ತಗುಲುವುದು ಕೂದಲಿಗಲ್ಲ, ನೇರವಾಗಿ ಎಳೆಯ ಚರ್ಮಕ್ಕೆ. ಹತ್ತು ವರ್ಷದ ಹುಡುಗಿಯ ಅಂಗೈಯ ಹಿಂದೆ ಒಂದು ವಾರ ನಲಿದ ನವಿಲು, ಅವಳಿಗೆ ನಲವತ್ತಾಗಿ ಮೊದಲ ಸಲ ತಲೆಗೆ ಬಣ್ಣ ಹಚ್ಚಿದಾಗ ಗರಿ ಬಿಚ್ಚುವುದುಂಟು. ಯೂರೋಪಿನಲ್ಲಿ ಮಾರುವ ಬಣ್ಣದ ಪೆಟ್ಟಿಗೆಗಳ ಮೇಲೆ ಈ ಕಪ್ಪು ಚಿತ್ತಾರದ ಎಚ್ಚರಿಕೆಯನ್ನೂ, ಹದಿನಾರು ವರ್ಷದೊಳಗಿನವರಿಗೆ ಈ ಬಣ್ಣ ತಕ್ಕುದಲ್ಲವೆಂಬ ಮಾತನ್ನೂ ಮುದ್ರಿಸುತ್ತಾರೆ.

ಪೊಟ್ಟಣದ ಮೇಲಿನ ಇನ್ನೊಂದು ಮಾತು ‘ಅಮೋನಿಯಾರಹಿತ’. ಇದರಿಂದ ಮೂಗಿಗೆ ಸುಖ, ಕಣ್ಣಿಗೂ ಸ್ವಲ್ಪ ಸುಖ. ಅಲರ್ಜಿಗೂ ಅಮೋನಿಯಾಕ್ಕೂ ಸಂಬಂಧವಿಲ್ಲ. ಅಮೋನಿಯಾ ತೆಗೆದ ಪೊಟ್ಟಣದಲ್ಲಿ ಪಿಪಿಡಿ ಹಾಯಾಗಿ ಕುಳಿತಿರಬಹುದು. ‘ಪಿಪಿಡಿ ಇಲ್ಲ’ ಎಂಬ ಪೆಟ್ಟಿಗೆಯಲ್ಲಿ ಅದರ ಬದಲು ಟಾಲ್ಯುಯೀನ್ ಡೈಅಮೀನ್ ಎಂಬ ಒಡಹುಟ್ಟು ಇರುವುದು ಸಾಮಾನ್ಯ, ಪಿಪಿಡಿ ಒಗ್ಗದ ಅನೇಕರಿಗೆ ಅದೂ ಒಗ್ಗದು. ಕೆರಳಿಸುವ ಶಕ್ತಿ ಕಡಿಮೆಯಾಗುವಂತೆ ಅಣುವನ್ನು ತಿದ್ದಿ ಮಾಡಿದ ಹೊಸ ಬಣ್ಣವೂ ಒಂದುಂಟು. ಹೊಸದಾಗಿ ಆರಂಭಿಸುವವರಿಗೆ ಅದು ಮೇಲು. ಈಗಾಗಲೇ ಅಲರ್ಜಿ ಬಂದವರಲ್ಲಿ ಕೆಲವರನ್ನು ಅದೂ ಕಾಡುತ್ತದೆ.

ಕಾಯಿದೆಗಳು ಈ ವಿಷಯದಲ್ಲಿ ಎಚ್ಚತ್ತಿದ್ದು ಕಣ್ಣುಗಳನ್ನು ಕಳೆದುಕೊಂಡ ಮೇಲೆ. ಅಮೆರಿಕದಲ್ಲಿ 1933ರ ಸುಮಾರಿಗೆ ‘ಲ್ಯಾಷ್ ಲ್ಯೂರ್’ ಎಂಬ ರೆಪ್ಪೆಗೂದಲಿನ ಬಣ್ಣ ಪ್ರಚಾರಕ್ಕೆ ಬಂದಿತು. ಅದರಲ್ಲಿದ್ದುದು ಇದೇ ಜಾತಿಯ ವಸ್ತು. ಅದನ್ನು ಹಚ್ಚಿಕೊಂಡ ಮಹಿಳೆಯೊಬ್ಬಳು ದೃಷ್ಟಿಯನ್ನೇ ಕಳೆದುಕೊಂಡಳು, ಇನ್ನೊಬ್ಬಳು ಪ್ರಾಣವನ್ನೇ ಕಳೆದುಕೊಂಡಳು. ಸೌಂದರ್ಯಸಾಧನಗಳನ್ನು ಸರಕಾರದ ಹತೋಟಿಗೆ ತಂದ 1938ರ ಕಾನೂನಿನ ಹಿಂದೆ ಈ ದುರಂತದ ನೆನಪೂ ಇತ್ತು. ವಿಚಿತ್ರವೆಂದರೆ ಅದೇ ಕಾನೂನು ಡಾಂಬರುಮೂಲದ ತಲೆಗೂದಲಿನ ಬಣ್ಣಗಳಿಗೆ, ಎಚ್ಚರಿಕೆ ಮುದ್ರಿಸಿದರೆ ಸಾಕೆಂದು, ರಿಯಾಯಿತಿಯನ್ನೂ ಕೊಟ್ಟಿತು. ನಮ್ಮಲ್ಲಿಯೂ ಔಷಧ ಮತ್ತು ಸೌಂದರ್ಯಸಾಧನಗಳ ನಿಯಮಾವಳಿ ಇಂಥ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಕೆಲವರ ಚರ್ಮಕ್ಕೆ ಇದು ಒಗ್ಗದಿರಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಬೇಕು, ಹುಬ್ಬಿಗೂ ರೆಪ್ಪೆಗೂ ಹಚ್ಚಿದರೆ ಕುರುಡುತನ ಬಂದೀತು ಎಂಬುದು ಅದರ ಸಾರ. ಇಂಗ್ಲಿಷಿನಲ್ಲಿಯೂ ಪ್ರಾದೇಶಿಕ ಭಾಷೆಗಳಲ್ಲಿಯೂ ಇರಬೇಕೆಂಬ ಮಾತೂ ಅಲ್ಲಿದೆ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಇರಬಾರದೆಂದು ಗಟ್ಟಿಯಾಗಿ ಹೇಳಿದ್ದರೆ ಇನ್ನೂ ಉಪಕಾರವಾಗುತ್ತಿತ್ತು. ಐವತ್ತೈದರ ಯಜಮಾನರು ಕನ್ನಡಕವಿಲ್ಲದೆ ಓದಬಲ್ಲ ಎಚ್ಚರಿಕೆ ಪೊಟ್ಟಣದ ಮೇಲೆ ಅಪರೂಪ.

ಆ ಪರೀಕ್ಷೆಯೇನೋ ಸುಲಭವಾದುದೇ. ಕಿವಿಯ ಹಿಂದೆಯೋ ಮುಂದೋಳಿನ ಒಳಬದಿಯಲ್ಲಿಯೋ ಚಿಕ್ಕ ಜಾಗವನ್ನು ಸಾಬೂನಿನಿಂದ ತೊಳೆದು, ಹಚ್ಚಲು ಸಿದ್ಧಪಡಿಸಿದ ಬಣ್ಣವನ್ನೇ ಒಂದಿಷ್ಟು ಲೇಪಿಸಿ ಒಣಗಲು ಬಿಡಬೇಕು. ನಮ್ಮ ನಿಯಮದ ಪ್ರಕಾರ ಇಪ್ಪತ್ತನಾಲ್ಕು ಗಂಟೆಯ ಅನಂತರ ಮೆಲ್ಲನೆ ತೊಳೆದು ನೋಡಬೇಕು. ಕೆಂಪಾಗಲಿ ನವೆಯಾಗಲಿ ಕಂಡರೆ ಆ ಪೊಟ್ಟಣ ಬೇಡ. ಪ್ರತಿಯೊಂದು ಸಲವೂ, ಹತ್ತನೆಯ ಸಲವಾದರೂ, ಈ ಪರೀಕ್ಷೆ ಮಾಡತಕ್ಕದ್ದೆಂದು ನಿಯಮ ಹೇಳುತ್ತದೆ. ಎಷ್ಟು ಮನೆಗಳಲ್ಲಿ ಇದು ನಡೆಯುತ್ತದೆಂದು ಕೇಳುವುದು ಬೇಡ. ಇಪ್ಪತ್ತನಾಲ್ಕು ಗಂಟೆ ಸಾಲದು, ನಲವತ್ತೆಂಟು ಗಂಟೆ ಕಾಯುವುದೇ ಲೇಸೆಂದು ಪಾಶ್ಚಾತ್ಯ ತಯಾರಕರ ಸೂಚನೆಗಳೇ ಹೇಳುತ್ತವೆ. ಕೆರಳಿಕೆಗೆ ಒಂದರಿಂದ ಮೂರು ದಿನ ಹಿಡಿಯುವುದೆಂಬುದನ್ನು ನೆನೆದರೆ ಅದರ ನ್ಯಾಯ ತಿಳಿಯುತ್ತದೆ. ಆಕ್ಷೇಪ ಎತ್ತುವ ಚರ್ಮವೈದ್ಯರೂ ಇದ್ದಾರೆ. ಮನೆಯ ಪರೀಕ್ಷೆಯಲ್ಲಿ ಕಾಣದೆ ತಪ್ಪಿಸಿಕೊಳ್ಳುವ ಅಲರ್ಜಿ ಉಂಟು. ಪದೇ ಪದೇ ಹಚ್ಚಿ ನೋಡುವುದರಿಂದಲೇ ಚರ್ಮಕ್ಕೆ ಹೊಸ ನೆನಪು ಹುಟ್ಟೀತೆಂಬ ಅಳುಕೂ ಉಂಟು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಮುಂಗೈಯ ಮೇಲೆ ರೂಪಾಯಿಯಗಲದ ಗಂಧೆ ಏಳುವುದಕ್ಕೂ ಎರಡು ಕಣ್ಣೂ ಮುಚ್ಚಿಹೋಗುವುದಕ್ಕೂ ಇರುವ ಅಂತರವನ್ನು ನೋಡಿದರೆ ಪರೀಕ್ಷೆ ಮಾಡಿಕೊಳ್ಳುವುದೇ ಮೇಲೆಂದು ತೋರುತ್ತದೆ.

ಒಮ್ಮೆ ತೊಂದರೆ ಕಂಡವರು ಮನೆಯ ಪರೀಕ್ಷೆಗೆ ಹೋಗಲೇಬಾರದು. ಅವರಿಗೆ ಬೇಕಾದ್ದು ಚರ್ಮವೈದ್ಯರ ಪಟ್ಟಿ ಪರೀಕ್ಷೆ. ಜರ್ಮನಿಯ ಯಾಡಾಸ್ಸೋನ್ 1895ರಲ್ಲಿ ತೋರಿಸಿಕೊಟ್ಟ ಈ ವಿಧಾನ ಇಂದಿಗೂ ಬದಲಾಗಿರುವುದು ಸ್ವಲ್ಪವೇ. ಶೇಕಡಾ 1ರಷ್ಟು ಪಿಪಿಡಿಯನ್ನು ವ್ಯಾಸಲಿನ್‌ನಲ್ಲಿ ಬೆರೆಸಿ, ಇತರ ಹತ್ತಾರು ವಸ್ತುಗಳೊಡನೆ ಚಿಕ್ಕ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ನಲವತ್ತೆಂಟು ಗಂಟೆಯ ಬಳಿಕ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ರಾಜ್ಯದ ದೊಡ್ಡ ವೈದ್ಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ಇದು ಪರಿಚಿತವಾದ ಕೆಲಸ. ಇದರಿಂದ ಇನ್ನೊಂದು ಲಾಭವೂ ಉಂಟು. ಪಿಪಿಡಿಗೆ ಕೆರಳುವ ಚರ್ಮ ಅದರ ದೂರದ ನೆಂಟರಾದ ಕೆಲವು ಬಟ್ಟೆಯ ಬಣ್ಣಗಳಿಗೂ, ನೋವು ಮರೆಸುವ ಬೆಂಜೊಕೇಯ್ನ್ ಮುಲಾಮಿಗೂ, ಕೆಲವು ಕಪ್ಪು ರಬ್ಬರಿಗೂ ಕೆರಳುವುದುಂಟು. ಯಾವುದನ್ನು ದೂರವಿಡಬೇಕೆಂಬ ಚೀಟಿ ಕೈಯಲ್ಲಿದ್ದರೆ ಮುಂದಿನ ದಾರಿ ಸುಲಭ.

ಬಾವು, ನವೆಗಳಾದರೋ ಕಣ್ಣಿಗೆ ಕಾಣುತ್ತವೆ. ಮೋಸಗೊಳಿಸುವ ಇನ್ನೊಂದು ರೂಪವಿದೆ. ಕೆಲವರಲ್ಲಿ ಹೇಳಿಕೊಳ್ಳುವಂಥ ನವೆಯೇ ಇಲ್ಲದೆ ಹಣೆ, ಕಪೋಲ, ಕತ್ತುಗಳು ವರ್ಷಾನುಗಟ್ಟಲೆ ನಿಧಾನವಾಗಿ ಬೂದುಗಪ್ಪಿಗೆ ತಿರುಗುತ್ತವೆ. ಬಿಸಿಲಿನಿಂದಲೋ ವಯಸ್ಸಿನಿಂದಲೋ ಎಂದು ಬಗೆದು ಬಿಳುಪಿನ ಕ್ರೀಮುಗಳಿಗೆ ಹಣ ಸುರಿಯುತ್ತಾರೆ, ತಿಂಗಳಿಗೊಮ್ಮೆ ತಲೆಗೆ ಅದೇ ಕಪ್ಪನ್ನು ಹಚ್ಚುತ್ತಲೂ ಇರುತ್ತಾರೆ. ನಮ್ಮ ದೇಶದ ಚರ್ಮವೈದ್ಯರು ಆಗಾಗ ಕಾಣುವ ಸ್ಥಿತಿಯಿದು. ಬಣ್ಣ ನಿಲ್ಲಿಸದೆ ಬೇರೆ ಯಾವ ಚಿಕಿತ್ಸೆಯೂ ಇದಕ್ಕೆ ಫಲ ಕೊಡದು.

ಇತ್ತ ಬಂಡಿಯಲ್ಲಿ ಕಣ್ಣು ಮುಚ್ಚಿ ಕುಳಿತಿರುವ ಯಜಮಾನರಿಗೆ ಮೊದಲು ಆಗಬೇಕಾದ್ದು ತಲೆಯನ್ನು ಹದವಾದ ನೀರು, ಸೌಮ್ಯವಾದ ಸಾಬೂನಿನಿಂದ ಚೆನ್ನಾಗಿ ತೊಳೆಯುವುದು. ಸುಣ್ಣ, ಅರಿಸಿನ, ಸೊಪ್ಪಿನ ರಸ ಏನನ್ನೂ ಮೆತ್ತಬಾರದು. ಸೋರುವ ಚರ್ಮಕ್ಕೆ ಅವೂ ಹೊಸ ಪೀಡೆಗಳೇ. ತಣ್ಣೀರ ಬಟ್ಟೆಯಿಟ್ಟುಕೊಂಡು, ದಾಂಡೇಲಿಯಲ್ಲಿಯೋ ಜೋಯಿಡಾದಲ್ಲಿಯೋ ವೈದ್ಯರನ್ನು ಕಾಣಬೇಕು. ಉಸಿರು ಕಟ್ಟಿದಂತಾದರೆ, ನಾಲಗೆಯೋ ಗಂಟಲೋ ಬಾತರೆ ಒಂದು ಕ್ಷಣವೂ ತಡಮಾಡತಕ್ಕದ್ದಲ್ಲ. ಹಾಗಾಗುವುದು ವಿರಳ, ಆದರೆ ಆದಾಗ ಗಂಟೆಗಳ ಲೆಕ್ಕವಿರುವುದಿಲ್ಲ. ವೈದ್ಯರೆದುರು ಕೇರಿನ ಮರವನ್ನಷ್ಟೇ ಹೇಳಿ ಪೊಟ್ಟಣವನ್ನು ಮರೆಮಾಚಬಾರದು. ಹರೆಯದ ನಾಚಿಕೆ ಐವತ್ತೈದರಲ್ಲಿಯೂ ಬಿಡುವುದಿಲ್ಲವೆಂಬುದೇ ಇಲ್ಲಿಯ ತೊಡಕು. ಬಣ್ಣ ಹಚ್ಚಿದ್ದನ್ನು ಹೆಂಡತಿಯೆದುರು ಬೇರೆಯವರಿಗೆ ಒಪ್ಪಿಕೊಳ್ಳಲು ಅನೇಕರಿಗೆ ಸಂಕೋಚ. ಪೊಟ್ಟಣದ ಖಾಲಿ ಹೊದಿಕೆಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಜಾತ್ರೆಗೆ ಮುಂಚೆ ಬಣ್ಣ ಹಚ್ಚಲೇಬೇಕೆನ್ನುವವರು ದಿನಗಳನ್ನು ಹಿಂದಿನಿಂದ ಎಣಿಸಬೇಕು. ಬಂಡಿ ಹೂಡುವ ಆದಿತ್ಯವಾರಕ್ಕೆ ನಾಲ್ಕು ದಿನ ಮೊದಲು, ಬುಧವಾರ, ತಲೆಗೆ. ಅದಕ್ಕೂ ಎರಡು ದಿನ ಮೊದಲು, ಸೋಮವಾರ, ಮುಂದೋಳಿಗೆ. ಕೆರಳುವುದಾದರೆ ಮನೆಯಲ್ಲಿರುವಾಗಲೇ, ವೈದ್ಯರು ಹತ್ತಿರವಿರುವಾಗಲೇ ಕೆರಳಲಿ. ಮನೆಯಲ್ಲಿ ಯಾರಿಗಾದರೂ ಕೇರು ತಾಗಿ ಮೈ ಬಾತ ಅನುಭವವಿದ್ದರೆ ಅದರಿಂದ ಪಿಪಿಡಿಯೂ ಒಗ್ಗದೆಂದು ತೀರ್ಮಾನಿಸಬೇಕಾಗಿಲ್ಲ. ಎರಡೂ ಕೆರಳಿಸುವ ಬಗೆ ಒಂದಾದರೂ ಅಣುಗಳು ಬೇರೆ, ಚರ್ಮ ಇಟ್ಟುಕೊಳ್ಳುವ ನೆನಪೂ ಬೇರೆ.

ಈ ಲೆಕ್ಕದಲ್ಲೆಲ್ಲ ಮರೆತುಹೋಗುವ ಒಬ್ಬ ವ್ಯಕ್ತಿಯಿದ್ದಾನೆ. ಯಜಮಾನರು ತಿಂಗಳಿಗೊಮ್ಮೆ ಅರ್ಧ ಗಂಟೆ ಬಣ್ಣದೊಡನೆ ಇರುತ್ತಾರೆ. ಜಾತ್ರೆಯ ಮುಂಚಿನ ವಾರ ಹಳಿಯಾಳದಲ್ಲಿಯೋ ಧಾರವಾಡದಲ್ಲಿಯೋ ಕ್ಷೌರದಂಗಡಿ ಇಟ್ಟುಕೊಂಡಿರುವವನು ದಿನಕ್ಕೆ ಹತ್ತು 'ಯಜಮಾನರ' ತಲೆಗೆ ಅದನ್ನು ಕಲಸಿ ಹಚ್ಚಿ ತೊಳೆಯುತ್ತಾನೆ. ಒದ್ದೆಯಾದ ಚರ್ಮ, ಕತ್ತರಿಯ ಗೀರುಗಳು, ದಿನವಿಡೀ ಸಾಬೂನು. ಬೆರಳ ಸಂದುಗಳಲ್ಲಿ ಬಿರುಕು ಬಿಟ್ಟು ನವೆಯೆದ್ದು ಕೊನೆಗೆ ಕಸುಬನ್ನೇ ಬಿಡಬೇಕಾಗಿ ಬಂದವರ ಸಂಗತಿಗಳು ಜಗತ್ತಿನ ಅನೇಕ ದೇಶಗಳ ಚರ್ಮವೈದ್ಯರ ದಾಖಲೆಗಳಲ್ಲಿವೆ. ಪೊಟ್ಟಣದೊಡನೆ ಬರುವ ತೆಳುವಾದ ಪ್ಲಾಸ್ಟಿಕ್ ಕೈಗವಸು ಎರಡನೆಯ ತಲೆಗೇ ಹರಿಯುತ್ತದೆ. ನೈಟ್ರೈಲ್ ಎಂಬ ನೀಲಿ ಕೈಗವಸು ತಡೆಯುತ್ತದೆ. ಅದನ್ನೂ ಒಂದು ತಲೆಯಾದ ಮೇಲೆ ಬಿಸುಟು ಹೊಸದನ್ನು ತೊಡಬೇಕು, ಒಳಮಗುಚಿ ಮತ್ತೆ ಹಾಕಿಕೊಂಡರೆ ಬಣ್ಣ ಬೆರಳಿಗೇ ಬಂದು ಮೆತ್ತುತ್ತದೆ. ಜಾತ್ರೆಯ ಗಿರಾಕಿ ಕುರ್ಚಿಯಲ್ಲಿ ಕುಳಿತು ಕನ್ನಡಿಯನ್ನು ನೋಡುವಾಗ ಒಮ್ಮೆ ಆ ಕೈಗಳ ಕಡೆಗೂ ನೋಡಿ, ಹೊಸ ಕೈಗವಸಿನ ಬೆಲೆಯನ್ನು ತಾನೇ ಕೊಟ್ಟರೆ ಆತ ಬೇಡವೆನ್ನಲಾರ.